ಗಾಂವಠಾಣದ ಗೆರೆ ಮತ್ತು ಊರಿನ ಮನೆಗಳು

ಸಂಘದ ಬೆಳ್ಳಿಹಬ್ಬದ ಈ ಸ್ಮರಣ ಸಂಚಿಕೆಗೆ ಊರಿನ ಇತಿಹಾಸ ಕುರಿತು ಏನಾದರೂ ಬರೆದುಕೊಡಿರಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಗುಡಿ, ಜಾತ್ರೆ, ಬಯಲಾಟಗಳ ಬಗ್ಗೆ ಬಲ್ಲವರು ಬರೆದಾರು. ಬಹಳ ವರ್ಷ ಸಾಲದ ಅರ್ಜಿಗಳನ್ನೇ ನೋಡುತ್ತ ಕೂತ ನನ್ನಂಥವನಿಗೆ ಊರಿನ ಇತಿಹಾಸ ಕಾಣುವುದು ಉತಾರದಲ್ಲಿ. ಆದ್ದರಿಂದ ಅದನ್ನೇ ಬರೆಯುತ್ತಿದ್ದೇನೆ.

ಒಮ್ಮೆ ಒಬ್ಬ ಹೆಣ್ಣುಮಗಳು ಮನೆ ರಿಪೇರಿಗೆ ಸಾಲ ಕೇಳಿಕೊಂಡು ಬಂದಳು. ಎರಡು ಖೋಲಿಯ ಸ್ವಂತ ಮನೆ. ಕರೆಂಟಿನ ಬಿಲ್ಲು ಅವಳ ಹೆಸರಿನಲ್ಲೇ ಬರುತ್ತಿತ್ತು. ಆದರೆ ಮನೆಯ ಉತಾರ ಇರಲಿಲ್ಲ. ಕೈಯಲ್ಲಿದ್ದದ್ದು ಬಾಂಡ್ ಪೇಪರಿನ ಮೇಲೆ ಬರೆಸಿಕೊಂಡ ಒಂದು ಕರಾರು ಪತ್ರ ಮಾತ್ರ. ಆ ಸರ್ವೆ ನಂಬರಿನ ಪಹಣಿ ತೆಗೆಸಿದರೆ ಮಾಲೀಕ ಬೇರೆಯವ, ಬೆಳೆಯ ಕಾಲಮ್ಮಿನಲ್ಲಿ ಜೋಳ! ಅದೇ ಪಹಣಿಯ ಮೇಲೆ ಆ ಮಾಲೀಕರಿಗೆ ಬೆಳೆಸಾಲ ಕೊಟ್ಟವರೂ ನಾವೇ. "ಅಲ್ರೀ ಯಣ್ಣಾರ, ಹಂಗಾದ್ರ ನಾ ಏನ್ ಜ್ವಾಳದಾಗ ಇರತೇನ್ರಿ?" ಎಂದಳು. ಕೂತಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಅವಳ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಕಂಪನಿ ಸರಕಾರದ ಕಾಲಕ್ಕೆ ಹೋಗಬೇಕಾಗುತ್ತದೆ.

1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದ ಮೇಲೆ ನಮ್ಮ ಧಾರವಾಡ ಸೀಮೆ ಇಂಗ್ಲಿಷರ ಕೈಗೆ ಹೋಯಿತು. ಕಂದಾಯ ಎಷ್ಟು ಹಾಕಬೇಕು ಎಂಬುದೇ ಅವರಿಗೆ ದೊಡ್ಡ ಚಿಂತೆಯಾಗಿತ್ತು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1835ರ ಸುಮಾರಿಗೆ ಪುಣೆ ಕಡೆಯ ಇಂದಾಪುರ ತಾಲೂಕಿನಲ್ಲಿ ಹೊಸ ರೀತಿಯ ಮೋಜಣಿ ಶುರು ಮಾಡಿದರು. 1840ರ ದಶಕದಲ್ಲಿ ಅದು ನಮ್ಮ ಕಡೆಗೂ ಬಂತು. 33 ಫೂಟಿನ ಸರಪಳಿ ಹಿಡಿದು ಹೊಲ ಹೊಲ ಅಳೆದರು. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಆದರೆ ಒಂದು ಗುಂಟೆ, ಅಂಥ 40 ಗುಂಟೆಗೆ ಒಂದು ಎಕರೆ. ಪ್ರತಿ ಹೊಲಕ್ಕೂ ಕಲ್ಲು ನೆಟ್ಟು ನಂಬರು ಕೊಟ್ಟರು. ನಡುವೆ ಮನೆ, ಗುಡಿ, ಬಾವಿ, ತಿಪ್ಪೆ, ಬಣವೆ ಇದ್ದ ಜಾಗಕ್ಕೆ ಸುತ್ತಲೂ ಒಂದು ಗೆರೆ ಎಳೆದು ಅದನ್ನು ಗಾಂವಠಾಣ ಎಂದು ಬಿಟ್ಟರು. ಅದಕ್ಕೆ ಹೊಲದ ಆಕಾರ ಇಲ್ಲ.

ಇಲ್ಲಿ ಒಂದು ಮಾತು ಗಮನಿಸಬೇಕು. ಆ ಗೆರೆ ಎಳೆದದ್ದು ಕಂದಾಯದ ಲೆಕ್ಕಕ್ಕಾಗಿ. ಮುಂದೆ ಊರು ಎಷ್ಟು ಬೆಳೆದೀತು, ಯಾರ ಮಕ್ಕಳು ಎಲ್ಲಿ ಮನೆ ಕಟ್ಟಿಯಾರು ಎಂಬುದು ಅವರ ತಲೆಯಲ್ಲಿ ಇರಲಿಲ್ಲ. ಊರಿನ ಪಂಚರನ್ನು ಕೂಡಿಸಿ ಕೇಳುವ ಪದ್ಧತಿಯೂ ಇರಲಿಲ್ಲ. ಅಡವಿಯ ಅಂಚಿನ ತಾಂಡಾಗಳಂಥ ವಸತಿಗಳು ಎಷ್ಟೋ ಕಡೆ ಯಾವ ಗೆರೆಯೊಳಗೂ ಸೇರಲಿಲ್ಲ. ಒಳಗಿನ ಮನೆತನಗಳಾದರೂ ಅಣ್ಣತಮ್ಮಂದಿರು ಪಾಲಾಗುತ್ತ ಹೋದ ಹಾಗೆ ಒಂದು ಪಡಸಾಲೆಗೆ ನಾಲ್ಕು ಒಲೆ ಆದವು.

1879ರ ಮುಂಬಯಿ ಕಂದಾಯ ಸಂಹಿತೆ ಈ ಗೆರೆಗೆ ಬೀಗ ಹಾಕಿತು. ಸಾಗುವಳಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ ಕಲೆಕ್ಟರ ಅಪ್ಪಣೆ ಬೇಕು, ಅಪ್ಪಣೆ ಇಲ್ಲದಿದ್ದರೆ ದಂಡ. ನಾವು ಇವತ್ತಿಗೂ "ಎನ್.ಎ. ಮಾಡಿಸಬೇಕು" ಎನ್ನುತ್ತೇವಲ್ಲ, ಅದರ ಬೇರು ಅಲ್ಲಿದೆ. ಏಕೀಕರಣದ ನಂತರ ಬಂದ 1964ರ ಭೂಕಂದಾಯ ಕಾಯ್ದೆಯ 95ನೆಯ ಕಲಮು ಅದನ್ನೇ ಜಿಲ್ಲಾಧಿಕಾರಿಗಳ ಕೈಗೆ ಕೊಟ್ಟಿತು. ಅರ್ಜಿಗೆ 4 ತಿಂಗಳೊಳಗೆ ಉತ್ತರ ಬಾರದಿದ್ದರೆ ಅಪ್ಪಣೆ ಸಿಕ್ಕಿದಂತೆ ಎಂಬ ಮಾತೂ ಅದರಲ್ಲಿ ಸೇರಿತ್ತು. ಅದನ್ನು ನಂಬಿ ಬುನಾದಿ ತೋಡಿದ ಬಡವನನ್ನು ಮಾತ್ರ ನಾನು ಕಂಡಿಲ್ಲ.

ಕಾಯ್ದೆಯೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಹೇಳುವವರಿಲ್ಲ ಕೇಳುವವರಿಲ್ಲ ಎಂದಾಗಿದ್ದರೆ ರಸ್ತೆ ಪಕ್ಕದ ಎರೆಹೊಲ ಒಂದೂ ಉಳಿಯುತ್ತಿರಲಿಲ್ಲ. ಆದರೆ ಊರು ಬೆಳೆಯಲು ದಾರಿ ತೋರಿಸದೆ ಬೇಲಿ ಮಾತ್ರ ಹಾಕಿದರೆ ಜನ ಬೇಲಿ ದಾಟುತ್ತಾರೆ.

ಪಂಚಾಯತಿಗಳ ಕಥೆಯನ್ನೂ ಇದರ ಜೊತೆಗೆ ಹೇಳಬೇಕು. 1959ರ ಕಾಯ್ದೆಯಲ್ಲಿ ಗ್ರಾಮ ಪಂಚಾಯತಿ, ಮೇಲೆ ತಾಲೂಕು ಬೋರ್ಡು. 1983ರ ಕಾಯ್ದೆಯಿಂದ 8ರಿಂದ 12 ಸಾವಿರ ಜನಸಂಖ್ಯೆಗೆ ಒಂದು ಮಂಡಲ ಪಂಚಾಯತಿ. 1987ರ ಜನವರಿಯಲ್ಲಿ ಅದಕ್ಕೆ ಚುನಾವಣೆ ನಡೆದು ನೂರಕ್ಕೆ 25 ಸ್ಥಾನ ಹೆಣ್ಣುಮಕ್ಕಳಿಗೆ ದೊರೆತವು. ಅದರ ಹಿಂದೆ ದುಡಿದ ಅಬ್ದುಲ್ ನಜೀರ್ ಸಾಬರನ್ನು ಊರೂರಿಗೆ ಬೋರು ಕೊರೆಸಿದ್ದಕ್ಕೆ ಜನ 'ನೀರ್ ಸಾಬ್' ಎಂದೇ ಕರೆದರು. ಅವರು 1988ರಲ್ಲಿ ತೀರಿಕೊಂಡರು. 1993ರ ಪಂಚಾಯತ್ ರಾಜ್ ಕಾಯ್ದೆಯಿಂದ ಮತ್ತೆ ಗ್ರಾಮ ಪಂಚಾಯತಿ ಬಂತು. ಗ್ರಾಮಸಭೆಯಲ್ಲಿ ನಳ, ಗಟಾರ, ಬೀದಿ ದೀಪ, ಮನೆಯ ಫಲಾನುಭವಿ ಪಟ್ಟಿ ಎಲ್ಲದಕ್ಕೂ ಜಗಳ ನಡೆಯುತ್ತವೆ. ಒಮ್ಮೆ ಒಬ್ಬ ಹಿರಿಯರು ಎದ್ದು "ಊರ ಯಾವ ಕಡೆ ಬೆಳೀಬೇಕು ಅನ್ನೂದನ್ನ ಠರಾವು ಮಾಡ್ರಲಾ" ಎಂದರು. "ಅದು ನಮ್ಮ ಅಧಿಕಾರದಾಗ ಇಲ್ರಿ" ಎಂದು ಉತ್ತರ ಬಂತು. ಕಟ್ಟಡಕ್ಕೆ ಪರವಾನಿಗೆ ಪಂಚಾಯತಿಯದು, ಎನ್.ಎ. ಜಿಲ್ಲಾಧಿಕಾರಿಗಳದು, ನಕ್ಷೆ ಯೋಜನಾ ಇಲಾಖೆಯದು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಹೆಸರಿನಲ್ಲಿ ಗ್ರಾಮವೂ ಇದೆ. ಆದರೆ ಹಳದಿ ಬಣ್ಣ ಬಳಿದರೆ ವಸತಿ, ಹಸಿರು ಬಳಿದರೆ ಬೇಸಾಯ ಎಂಬ ಆ ನಕ್ಷೆಗಳು ಹೆಚ್ಚಾಗಿ ಪಟ್ಟಣಕ್ಕೂ ಅದರ ಅಂಚಿನ ಹಳ್ಳಿಗಳಿಗೂ ನಿಂತವು.

ಬಡವರಿಗಾಗಿ ಗೆರೆಯ ಹೊರಗೆ ಕಾಗದಸಮೇತ ಬಾಗಿಲು ತೆರೆದದ್ದು 1972ರಲ್ಲಿ. ದೇವರಾಜ ಅರಸರ ಕಾಲದಲ್ಲಿ ಮನೆ ನಿವೇಶನಕ್ಕೆಂದೇ ಜಮೀನು ಸ್ವಾಧೀನಪಡಿಸಿಕೊಳ್ಳುವ ಕಾಯ್ದೆ ಬಂತು. ಊರೂರಿಗೆ ಕಾಣುವ ಜನತಾ ಪ್ಲಾಟುಗಳು ಅಂಥ ಪ್ರಯತ್ನದ ಫಲ.

ಆಮೇಲೆ ಬಂದದ್ದು ಪ್ಲಾಟಿನ ವ್ಯಾಪಾರ. ಲೆಕ್ಕ ಸರಳ. ಒಂದು ಎಕರೆಗೆ 43,560 ಚದರ ಫೂಟು. 30-40ರ ಪ್ಲಾಟು 1,200. ರಸ್ತೆ ಬಿಡದೆ ಹಂಚಿದರೆ 36 ಪ್ಲಾಟು. ಎನ್.ಎ. ಮಾಡಿಸಿ ನಕ್ಷೆ ಮಂಜೂರು ಮಾಡಿಸಿದರೆ ರಸ್ತೆ, ಉದ್ಯಾನ, ಸಾರ್ವಜನಿಕ ಜಾಗ ಎಂದು ಎಷ್ಟೋ ಭಾಗ ಬಿಡಬೇಕು. ಬಿಡದೆ ಮಾರಿದವನಿಗೆ ಲಾಭ, ಕೊಂಡವನಿಗೆ ಎತ್ತಿನ ಗಾಡಿ ಹೊರಳದ ಓಣಿ. ಮಾರಿದವರಲ್ಲಿ ನಮ್ಮ ಸದಸ್ಯರೂ ಇದ್ದಾರೆ, ಕೊಂಡವರಲ್ಲಿಯೂ ಇದ್ದಾರೆ. ಸಾಲ ತೀರಿಸಲಿಕ್ಕೆ, ಮಗಳ ಮದುವೆಗೆ ಮಾರಿದವರೇ ಬಹಳ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

2013ರಲ್ಲಿ ಇ-ಸ್ವತ್ತು ಬಂತು. ನಮೂನೆ 9 ಮತ್ತು 11 ಕಂಪ್ಯೂಟರಿನಿಂದಲೇ ಹೊರಡಬೇಕಾಯಿತು. ಗಾಂವಠಾಣದೊಳಗಿನ ಮನೆ ಮತ್ತು ಎನ್.ಎ. ಆದ ಪ್ಲಾಟುಗಳಿಗೆ ಕಾಗದ ಸುಲಭವಾಯಿತು. ಹೊಲದಲ್ಲಿ ನಿಂತ ಮನೆಗಳವರು ಮಾತ್ರ ಅಲ್ಲೇ ನಿಂತರು. 2020ರ ಏಪ್ರಿಲ್ 24ರಂದು ಸ್ವಾಮಿತ್ವ ಯೋಜನೆ ಘೋಷಣೆಯಾಯಿತು. ಓಣಿಗಳಲ್ಲಿ ಸುಣ್ಣದ ಗೆರೆ ಹಾಕಿ, ಮೇಲೆ ಡ್ರೋನ್ ಹಾರಿಸಿ ಮನೆ ಅಳೆಯುವ ಕೆಲಸ. ಅದೂ ಹಿಡಿದದ್ದು ಮುಖ್ಯವಾಗಿ ಜನವಸತಿ ಎಂದು ದಾಖಲೆಯಾದ ಜಾಗವನ್ನು. ತಾಂಡಾಗಳವರ ಸರದಿ 2023ರ ಜನವರಿ 19ರಂದು ಬಂತು. ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿಯವರ ಕೈಯಿಂದ 50 ಸಾವಿರಕ್ಕೂ ಹೆಚ್ಚು ಹಕ್ಕುಪತ್ರ ವಿತರಣೆಯಾಯಿತು. ಅದಕ್ಕೆ ಮೊದಲು ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆಯಿಲ್ಲದ ವಸತಿಗಳನ್ನು ಕಂದಾಯ ಗ್ರಾಮ ಎಂದು ಘೋಷಿಸಿದ್ದರು. ಮೋಜಣಿದಾರರ ಸರಪಳಿ ಮುಟ್ಟದೆ ಬಿಟ್ಟಿದ್ದನ್ನು ಸರಿಪಡಿಸಲು ಇಷ್ಟು ಕಾಲ ಹಿಡಿಯಿತು.

ಇನ್ನು ಆ ಹೆಣ್ಣುಮಗಳ ಅರ್ಜಿ. ಆಡಳಿತ ಮಂಡಳಿಯಲ್ಲಿ ಎರಡು ಸಭೆ ಚರ್ಚೆ ನಡೆಯಿತು. ಉತಾರ ಇಲ್ಲದೆ ಕೊಟ್ಟರೆ ಆಡಿಟ್‌ನಲ್ಲಿ ಆಕ್ಷೇಪ ಬರುತ್ತದೆ ಎಂದು ಕೆಲವರು, ಮನೆ ಕಣ್ಣಮುಂದೆ ಇದೆಯಲ್ಲ ಎಂದು ಕೆಲವರು. ನಾನು ಕಣಗಿನಹಾಳದ ಮಾತು ತೆಗೆದೆ. ಗದಗ ಹತ್ತಿರದ ಆ ಊರಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಜಾರಿಯಲ್ಲಿದ್ದದ್ದು 1904ರ ಕಾಯ್ದೆ. ಹಳ್ಳಿಯ ಸಂಘಗಳಿಗೆ ಅದರಲ್ಲಿ ಅಪರಿಮಿತ ಹೊಣೆ, ಅಂದರೆ ಒಬ್ಬನ ಸಾಲಕ್ಕೆ ಎಲ್ಲರೂ ಜವಾಬ್ದಾರರು. ಒಬ್ಬರನ್ನೊಬ್ಬರು ಬಲ್ಲವರು ಎಂಬುದೇ ಆಗ ದೊಡ್ಡ ಉತಾರ. ಕೊನೆಗೆ ಮನೆಯ ಆಧಾರವಿಲ್ಲದೆ, ಇಬ್ಬರು ಸದಸ್ಯರ ಜಾಮೀನಿನ ಮೇಲೆ ಅವಳಿಗೆ ಸಣ್ಣ ಸಾಲ ಮಂಜೂರಾಯಿತು. ಕೇಳಿದ್ದರಲ್ಲಿ ಅರ್ಧವೂ ಅಲ್ಲ. ಮಾಳಿಗೆ ತೆಗೆಸಿ ತಗಡು ಹಾಕಿಸಿಕೊಂಡಳು, ಒಂದು ಕಂತೂ ತಪ್ಪದೆ ಕಟ್ಟಿದಳು. ಮೊನ್ನೆ ಈ ಲೇಖನಕ್ಕಾಗಿ ಆ ನಂಬರಿನ ಪಹಣಿ ಮತ್ತೆ ತೆಗೆಸಿ ನೋಡಿದೆ. ಬೆಳೆ ಜೋಳ ಎಂದೇ ಇದೆ.