ದುರ್ಗದ ಸೀಮೆಯಲ್ಲಿ ಪ್ರೇಮ ಕಾದಂಬರಿ ಮತ್ತು ಲೈಬ್ರರಿ

ಕನ್ನಡದ ಪ್ರೇಮ ಕಾದಂಬರಿಗೆ ಓದುಗರನ್ನು ದೊರಕಿಸಿಕೊಟ್ಟವರ ಸಾಲಿನಲ್ಲಿ ಸರ್ಕಾರಿ ಲೈಬ್ರರಿ ಬಂದದ್ದು ಎಲ್ಲರಿಗಿಂತ ಕೊನೆಗೆ. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿದ ಲೇಖಕರು, ವಾರಪತ್ರಿಕೆಗಳು, ದಿನಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಅಂಗಡಿಗಳು, ಸಿನಿಮಾ ಟಾಕೀಸುಗಳು ಅದಕ್ಕೆ ಮೊದಲೇ ಈ ಕೆಲಸಕ್ಕೆ ಕೈಹಾಕಿದ್ದವು. ಚಿತ್ರದುರ್ಗ ಸೀಮೆಯಲ್ಲಿ ಈ ಕತೆಗೆ ಒಂದು ವಿಶೇಷವೂ ಸೇರಿದೆ. ಕನ್ನಡದ ಬಹು ಜನಪ್ರಿಯ ಪ್ರೇಮಕಥೆಗಳಲ್ಲೊಂದು ಇಲ್ಲಿನ ಕೋಟೆಯ ಬಂಡೆಗಳ ಮೇಲೆಯೇ ನಡೆಯುತ್ತದೆ.

ಮೊದಲ ಓದುಗರನ್ನು ತಂದವರು ಬಿ. ವೆಂಕಟಾಚಾರ್ಯರು (1845–1914). ಮೈಸೂರು ಸಂಸ್ಥಾನದಲ್ಲಿ ಮುನ್ಸೀಫರಾಗಿದ್ದ ಅವರು ಬಂಕಿಮಚಂದ್ರರ ಕಾದಂಬರಿಗಳನ್ನು ಬಂಗಾಳಿಯಿಂದ ಕನ್ನಡಕ್ಕೆ ತಂದರು. ಅವುಗಳಲ್ಲಿ ‘ದುರ್ಗೇಶನಂದಿನಿ’ ಅಪ್ಪಟ ಪ್ರೇಮಕಥೆ. ಉತ್ತರ ಕರ್ನಾಟಕದಲ್ಲಿ ಗಳಗನಾಥರು (1869–1942) ಕಾದಂಬರಿ ಬರೆದು ಸುಮ್ಮನಾಗಲಿಲ್ಲ. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು, ಮನೆಮನೆಗೆ ಹೋಗಿ ಮಾರಿದರು. ಓದಬಲ್ಲವರೇ ವಿರಳವಾಗಿದ್ದ ಕಾಲದಲ್ಲಿ ಲೇಖಕನೊಬ್ಬ ಇಷ್ಟು ಶ್ರಮಪಟ್ಟದ್ದನ್ನು ಕನ್ನಡದ ಓದಿನ ಚರಿತ್ರೆ ಮರೆಯುವಂತಿಲ್ಲ.

ಸ್ವಾತಂತ್ರ್ಯದ ಹೊತ್ತಿಗೆ ಪರಿಸ್ಥಿತಿ ಬದಲಾಗಿತ್ತು. ಅ.ನ. ಕೃಷ್ಣರಾಯರು ನೂರಕ್ಕೂ ಹೆಚ್ಚು ಕಾದಂಬರಿ ಬರೆದು ಓದುಗರ ದೊಡ್ಡ ಸಮೂಹವನ್ನೇ ಕಟ್ಟಿದರು. ಅವರ ಬೆನ್ನಿಗೆ ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಆಮೇಲೆ ಉಷಾ ನವರತ್ನರಾಂ, ಸಾಯಿಸುತೆ ಬಂದರು. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಹೋದ ತ್ರಿವೇಣಿಯವರು ಒಲವಿನ ಕಥೆಯೊಳಗೆ ಹೆಣ್ಣಿನ ಮನಸ್ಸಿನ ಕಾಯಿಲೆ, ಭಯ, ಒಂಟಿತನಗಳನ್ನು ತಂದರು. ವಿಮರ್ಶಕರು ಇಂಥ ಪುಸ್ತಕಗಳನ್ನೆಲ್ಲ ಒಟ್ಟಾಗಿ ‘ಹೆಂಗಸರ ಕಾದಂಬರಿ’ ಎಂದು ಬದಿಗಿಟ್ಟದ್ದು ಅನ್ಯಾಯ. ಸಾವಿರಾರು ಮನೆಗಳಲ್ಲಿ ಶಾಲೆ ಬಿಟ್ಟ ಹೆಣ್ಣುಮಕ್ಕಳ ಕೈಯಲ್ಲಿ ಅಕ್ಷರ ಉಳಿದದ್ದೇ ಇವುಗಳಿಂದ.

ಈ ಕಾದಂಬರಿಗಳು ಸಣ್ಣ ಊರುಗಳಿಗೆ ಹೆಚ್ಚಾಗಿ ಧಾರಾವಾಹಿಯಾಗಿ ಹೋದವು. 1965ರಲ್ಲಿ ‘ಸುಧಾ’, 1983ರಲ್ಲಿ ‘ತರಂಗ’ ಶುರುವಾದವು. ‘ಪ್ರಜಾಮತ’, ‘ಕರ್ಮವೀರ’ ಮೊದಲೇ ಇದ್ದವು. ಒಂದು ಪ್ರತಿ ಬೀದಿಯ ನಾಲ್ಕು ಮನೆ ಸುತ್ತುತ್ತಿತ್ತು. ಧಾರಾವಾಹಿ ಮುಗಿದ ಮೇಲೆ ಅದರ ಹಾಳೆಗಳನ್ನಷ್ಟೇ ಹರಿದು ಜೋಡಿಸಿ, ದಬ್ಬಣದಿಂದ ತೂತು ಹಾಕಿ, ದಾರದಲ್ಲಿ ಹೊಲಿದು, ರಟ್ಟಿಗೆ ಕ್ಯಾಲೆಂಡರ್ ಹಾಳೆ ಹೊದಿಸಿ ಇಟ್ಟುಕೊಳ್ಳುವುದು ಮನೆಮನೆಯ ರೂಢಿ. ಮಗಳು ಗಂಡನ ಮನೆಗೆ ಹೋಗುವಾಗ ಪೆಟ್ಟಿಗೆಯಲ್ಲಿ ಇಂಥ ಪುಸ್ತಕವೂ ಹೋದದ್ದುಂಟು.

ಪೇಟೆಗಳಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಗಳಿದ್ದವು. ಒಂದು ಮಳಿಗೆ, ಗೋಡೆಗೆ ಮರದ ಹಲಗೆ, ಒಂದು ಡಿಪಾಜಿಟ್ ಪುಸ್ತಕ, ದಿನಕ್ಕೆ ಇಷ್ಟು ಎಂದು ಬಾಡಿಗೆ. ಅಲ್ಲಿ ಪ್ರದರ್ಶನದ ಕಲೆ ಸಹಜವಾಗಿಯೇ ಬೆಳೆದಿತ್ತು. ಹೊಸ ಕಾದಂಬರಿಯನ್ನು ಬೆನ್ನು ಕಾಣುವಂತೆ ಸಾಲಿನಲ್ಲಿ ತೂರಿಸದೆ, ನಾಯಕಿಯ ಬಣ್ಣದ ಚಿತ್ರವಿರುವ ಮುಖಪುಟ ಬೀದಿಗೆ ಕಾಣುವಂತೆ ನಿಲ್ಲಿಸುತ್ತಿದ್ದರು. ಯಾವ ಗಿರಾಕಿಗೆ ಯಾವ ಲೇಖಕಿ ಇಷ್ಟ ಎಂಬುದು ಮಾಲೀಕನಿಗೆ ಬಾಯಿಪಾಠವಾಗಿರುತ್ತಿತ್ತು. ಇಂಗ್ಲೆಂಡಿನಲ್ಲೂ ಇದೇ ಆಗಿತ್ತು. 1842ರಲ್ಲಿ ಆರಂಭವಾದ ಮೂಡಿ ಲೈಬ್ರರಿ ಚಂದಾ ಪಡೆದು ಕಾದಂಬರಿ ಹಂಚಿತು. 1908ರಲ್ಲಿ ಸ್ಥಾಪನೆಯಾದ ಮಿಲ್ಸ್ ಅಂಡ್ ಬೂನ್ ತನ್ನ ಪ್ರೇಮಕಥೆಗಳನ್ನು ದಶಕಗಳ ಕಾಲ ಮುಖ್ಯವಾಗಿ ಬಾಡಿಗೆ ಲೈಬ್ರರಿಗಳಿಗೇ ಮಾರಿತು.

ಸಿನಿಮಾ ಈ ಎಲ್ಲವನ್ನೂ ಮೀರಿಸಿತು. ‘ಬೆಳ್ಳಿಮೋಡ’ (1967), ‘ನಾಗರಹಾವು’ (1972), ‘ಎರಡು ಕನಸು’ (1974), ‘ಬಯಲುದಾರಿ’ (1976) ಎಲ್ಲವೂ ಕಾದಂಬರಿಯಿಂದ ಬಂದ ಚಿತ್ರಗಳು. ಇವುಗಳಲ್ಲಿ ‘ನಾಗರಹಾವು’ ದುರ್ಗದ್ದೇ. ತಳುಕಿನ ಮನೆತನದ ತ.ರಾ. ಸುಬ್ಬರಾಯರು (ತರಾಸು, 1920–1984) ಪಾಳೆಯಗಾರರ ಚರಿತ್ರೆಯನ್ನು ‘ಕಂಬನಿಯ ಕುಯಿಲು’ವಿನಿಂದ ‘ದುರ್ಗಾಸ್ತಮಾನ’ದವರೆಗೆ ಬರೆದವರು, ದುರ್ಗದ ಸಂಗೀತಗಾರನ ಬಾಳನ್ನು ‘ಹಂಸಗೀತೆ’ಯಲ್ಲಿ ಹೇಳಿದವರು. ರಾಮಾಚಾರಿ, ಅಲಮೇಲು, ಮಾರ್ಗರೆಟ್‌ರ ಕಥೆಯನ್ನು ನಿರ್ದೇಶಕ ಪುಟ್ಟಣ್ಣ ಕಣಗಾಲ್ ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳಿಂದ ಹೆಣೆದು, ಕೋಟೆಯಲ್ಲಿಯೇ ಚಿತ್ರೀಕರಿಸಿದರು. ಜಾತಿ, ಧರ್ಮಗಳ ಗೋಡೆಗೆ ಡಿಕ್ಕಿ ಹೊಡೆದು ನುಚ್ಚಾಗುವ ಎರಡು ಒಲವುಗಳ ಕಥೆ ಅದು. ಚಿತ್ರ ನೋಡಿದವರಲ್ಲಿ ಬಹುಪಾಲು ಜನರಿಗೆ ಅದರ ಹಿಂದೆ ಮೂರು ಪುಸ್ತಕಗಳಿವೆ ಎಂಬುದೇ ಗೊತ್ತಿಲ್ಲ. ದುರ್ಗದವರೇ ಆದ ಬಿ.ಎಲ್. ವೇಣು ಅವರ ಕಾದಂಬರಿಗಳೂ ಮುಂದೆ ತೆರೆಗೆ ಬಂದವು.

ಸಾರ್ವಜನಿಕ ಲೈಬ್ರರಿಗೆ ಕಾನೂನಿನ ಆಸರೆ ಸಿಕ್ಕಿದ್ದು 1965ರ ಗ್ರಂಥಾಲಯ ಕಾಯ್ದೆಯಿಂದ. ಅದು ಜಾರಿಗೆ ಬಂದದ್ದು 1966ರ ನವೆಂಬರ್ 1ರಂದು. ಜಿಲ್ಲಾ ಕೇಂದ್ರ ಗ್ರಂಥಾಲಯ, ಅದರ ಕೆಳಗೆ ತಾಲ್ಲೂಕು ಪೇಟೆಗಳ ಶಾಖೆಗಳು, ಖರ್ಚಿಗೆ ಆಸ್ತಿ ತೆರಿಗೆಯ ಜೊತೆ ವಸೂಲಾಗುವ ಗ್ರಂಥಾಲಯ ಕರ ಎಂಬ ಏರ್ಪಾಡು ಅಲ್ಲಿಂದ ಬೆಳೆಯಿತು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿಯೇ ಸೂತ್ರ ರೂಪದಲ್ಲಿ ಹೇಳಿದ್ದರು: ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಬೀರುವಿಗೆ ಬೀಗ ಹಾಕದೆ ಓದುಗರೇ ಕಪಾಟಿನ ಮುಂದೆ ನಿಂತು ಆರಿಸಿಕೊಳ್ಳಬೇಕೆಂಬುದೂ ಅವರ ಪಟ್ಟು.

ಕಪಾಟು ತೆರೆಯಿತು, ಆದರೆ ಪ್ರೇಮ ಕಾದಂಬರಿಗೆ ಅಲ್ಲಿ ಗೌರವ ತಡವಾಗಿ ಸಿಕ್ಕಿತು. ಕೈಯಿಂದ ಕೈಗೆ ಹೋಗಿ ಹರಿದ ಪುಸ್ತಕವನ್ನು ಬೈಂಡಿಂಗಿಗೆ ಕಳಿಸಿದರೆ ಅದು ರಟ್ಟು, ಕ್ಯಾಲಿಕೋ ಬಟ್ಟೆ ತೊಟ್ಟು, ಮುಖಪುಟ ಕಳೆದುಕೊಂಡು, ಬೆನ್ನ ಮೇಲೆ ಸಂಖ್ಯೆ ಮಾತ್ರ ಹೊತ್ತು ಮರಳುತ್ತಿತ್ತು. ಅತಿ ಹೆಚ್ಚು ಓದಿದ ಪುಸ್ತಕವೇ ಅತಿ ಮಂಕಾಗಿ ಕಾಣುವ ಸ್ಥಿತಿ ಇದು. ಹಳೇ ಓದುಗರು ಬೇರೆ ಗುರುತು ಹಿಡಿಯುತ್ತಿದ್ದರು: ಕೊನೆಯ ಹಾಳೆಯ ದಿನಾಂಕದ ಚೀಟಿ. ಮುದ್ರೆಗಳು ತುಂಬಿ, ಅದರ ಮೇಲೆ ಎರಡನೆಯ ಚೀಟಿ ಅಂಟಿಸಿದ್ದರೆ ಪುಸ್ತಕ ಚೆನ್ನಾಗಿದೆ ಎಂದೇ ಲೆಕ್ಕ. ಆಗಷ್ಟೇ ವಾಪಸು ಬಂದು ಮೇಜಿನ ಮೇಲೆ ಬಿದ್ದಿರುವ ರಾಶಿಯಿಂದಲೇ ಪುಸ್ತಕ ಆರಿಸುವುದೂ ಇದೇ ಜಾಣತನ. ಯಾರೂ ಯೋಜಿಸದೆ ಏರ್ಪಟ್ಟ ಪ್ರದರ್ಶನವೆಂದರೆ ಆ ಮೇಜೇ.

ಯೋಜಿತ ಪ್ರದರ್ಶನಕ್ಕೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ ದಾರಿಯಾಯಿತು. ಪ್ರತಿವರ್ಷ ನವೆಂಬರ್ 14ರಿಂದ 20ರವರೆಗೆ ಪುಸ್ತಕ ಪ್ರದರ್ಶನ, ಭಾಷಣ, ಪ್ರಬಂಧ ಸ್ಪರ್ಧೆ, ಲೇಖಕರೊಡನೆ ಸಂವಾದ ನಡೆಯುತ್ತವೆ. ಸಪ್ತಾಹದ ಪ್ರದರ್ಶನದ ಮೇಜಿನ ಮೇಲೆ ಹಳಗನ್ನಡ ಕಾವ್ಯ, ಜೀವನಚರಿತ್ರೆ, ಈಚೆಗೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಗೆ ಸಲ್ಲುವ ಜಾಗ ತ್ರಿವೇಣಿಗೋ ಸಾಯಿಸುತೆಗೋ ಸಲ್ಲುವುದು ಅಪರೂಪ. ಅಮೆರಿಕದ ಹಲವು ಲೈಬ್ರರಿಗಳು ಪ್ರೇಮಿಗಳ ದಿನ ಬರುವ ಫೆಬ್ರವರಿಯಲ್ಲಿ ಕಾದಂಬರಿಗಳಿಗೆ ಕಾಗದ ಸುತ್ತಿ, ಮೇಲೆ ಕಥೆಯ ಸುಳಿವಷ್ಟೇ ಬರೆದು ಇಡುತ್ತವೆ. ದುರ್ಗಕ್ಕೆ ಅಷ್ಟು ಸಾಹಸವೂ ಬೇಡ. ‘ನಾಗರಹಾವು’ ಚಿತ್ರದ ಪೋಸ್ಟರಿನ ಕೆಳಗೆ ತರಾಸು ಅವರ ಆ ಮೂರು ಕಾದಂಬರಿಗಳನ್ನು ಸಾಲಾಗಿ ಇಟ್ಟರೆ ಕೋಟೆ ನೋಡಲು ಬಂದವರೂ ನಿಂತು ಕೈಗೆತ್ತಿಕೊಳ್ಳುತ್ತಾರೆ.

ಹೊಳಲ್ಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ರಾಮಗಿರಿಯಂಥ ಊರುಗಳ ಮಟ್ಟಿಗೆ ಗ್ರಾಮ ಪಂಚಾಯಿತಿ ಲೈಬ್ರರಿಯೇ ಮುಖ್ಯ. ರಾಜ್ಯದಲ್ಲಿ ಇವು ಐದು ಸಾವಿರಕ್ಕೂ ಹೆಚ್ಚಿವೆ. 2019ರಲ್ಲಿ ಇವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ‘ಅರಿವು ಕೇಂದ್ರ’ ಎಂಬ ಹೆಸರಿದೆ. ಮಕ್ಕಳಿಗೆ ಗಟ್ಟಿ ಓದುವುದು, ಕಥೆ ಹೇಳುವುದು ಇಲ್ಲಿನ ಚಟುವಟಿಕೆಗಳು. ಮಗು ಸದಸ್ಯತ್ವ ಪಡೆದರೆ ಅದರ ಕಾರ್ಡಿನಲ್ಲಿ ತಾಯಿಗೂ ಅಜ್ಜಿಗೂ ಒಂದು ಕಾದಂಬರಿ ಕಳಿಸಬಹುದು. ಸ್ವಸಹಾಯ ಸಂಘದ ಸಭೆಗೆ ಸೇರುವ ಮಹಿಳೆಯರ ಮುಂದೆ ಒಂದು ಅಧ್ಯಾಯ ಓದಿ, ಕುತೂಹಲದ ತಿರುವಿನಲ್ಲಿ ನಿಲ್ಲಿಸಿ, ಪುಸ್ತಕವನ್ನು ಅಲ್ಲೇ ಬಿಟ್ಟು ಬರಬಹುದು. ವಾರಪತ್ರಿಕೆಯ ಧಾರಾವಾಹಿಗಳು ಓದುಗರನ್ನು ಹಿಡಿದಿಟ್ಟದ್ದು ಇದೇ ಉಪಾಯದಿಂದ.