ಆ್ಯಂಜಿಯೋಪ್ಲಾಸ್ಟಿ: ವೆಚ್ಚವನ್ನು ಮೊದಲೇ ಅರಿಯುವ ಬಗೆ

ಹೃದಯದ ರಕ್ತನಾಳದಲ್ಲಿನ ತಡೆಯನ್ನು ಬಲೂನಿನಿಂದ ಹಿಗ್ಗಿಸಿ, ಅಲ್ಲಿ ಸ್ಟೆಂಟ್ ಎಂಬ ಲೋಹದ ಜಾಲರಿಯನ್ನು ಅಳವಡಿಸುವ ಚಿಕಿತ್ಸೆಯೇ ಆ್ಯಂಜಿಯೋಪ್ಲಾಸ್ಟಿ. ಖರ್ಚೆಷ್ಟು ಎಂದು ವಿಚಾರಿಸಿದವರಿಗೆ ಆಸ್ಪತ್ರೆಯ ಕೌಂಟರಿನಲ್ಲಿ ಸಾಮಾನ್ಯವಾಗಿ ದೊರೆಯುವುದು ‘ಪ್ಯಾಕೇಜ್’ ಎಂಬ ಒಂದೇ ಮೊತ್ತ. ಅದರಲ್ಲಿ ಏನೇನು ಸೇರಿಲ್ಲ ಎಂಬುದನ್ನು ಆಗಲೇ ಕೇಳಿ, ಅಂದಾಜು ಪಟ್ಟಿಯನ್ನು ಬರಹದಲ್ಲಿ ಪಡೆಯುವುದು ಲೇಸು. ಎರಡನೆಯ ಸ್ಟೆಂಟ್, ಹೆಚ್ಚುವರಿ ಬಲೂನು, ತೀವ್ರ ನಿಗಾ ಘಟಕದಲ್ಲಿ ಮತ್ತೊಂದು ದಿನ: ಬಿಲ್ಲು ಬೆಳೆಯುವುದು ಬಹುಮಟ್ಟಿಗೆ ಇಲ್ಲಿಯೇ.

ಸ್ಟೆಂಟಿನ ದರಕ್ಕೆ ಮಿತಿಯಿದೆ. ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು 2017ರ ಫೆಬ್ರುವರಿಯಲ್ಲಿ ಸಾದಾ ಲೋಹದ ಸ್ಟೆಂಟಿಗೆ 7,260 ರೂ., ಔಷಧಲೇಪಿತ ಸ್ಟೆಂಟಿಗೆ 29,600 ರೂ. ಗರಿಷ್ಠ ಬೆಲೆಯನ್ನು ತೆರಿಗೆ ಹೊರತುಪಡಿಸಿ ಗೊತ್ತುಪಡಿಸಿತು. ಅನಂತರ ಈ ದರಗಳು ಪರಿಷ್ಕರಣೆಗೊಳ್ಳುತ್ತ ಬಂದಿವೆ. ಸ್ಟೆಂಟಿನ ಬೆಲೆ, ಬ್ರಾಂಡ್, ತಯಾರಕರ ಹೆಸರು ಹಾಗೂ ಬ್ಯಾಚ್ ಸಂಖ್ಯೆಯನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ನಮೂದಿಸಬೇಕೆಂಬುದೂ ಅದೇ ಆದೇಶದ ಷರತ್ತು. ವೈದ್ಯರ ಶುಲ್ಕ, ಕ್ಯಾಥ್‌ಲ್ಯಾಬ್ ಶುಲ್ಕಗಳು ಆ ಆದೇಶದ ವ್ಯಾಪ್ತಿಗೆ ಬರುವುದಿಲ್ಲ.

ಕೊಠಡಿಯ ಆಯ್ಕೆ ಬಾಡಿಗೆಯನ್ನಷ್ಟೇ ನಿರ್ಧರಿಸುತ್ತದೆ ಎಂದು ಹಲವರು ಭಾವಿಸುತ್ತಾರೆ. ಅನೇಕ ಖಾಸಗಿ ಆಸ್ಪತ್ರೆಗಳಲ್ಲಿ ಕೊಠಡಿಯ ದರ್ಜೆ ಏರಿದಂತೆ ವೈದ್ಯರ ಶುಲ್ಕವೂ ಏರುತ್ತದೆ. ವಿಮೆಯಿದ್ದರೆ ಪೆಟ್ಟು ಇನ್ನೂ ದೊಡ್ಡದು. ಮೂರು ಲಕ್ಷ ರೂಪಾಯಿ ವಿಮೆಯಲ್ಲಿ ದಿನಬಾಡಿಗೆಯ ಮಿತಿ ಶೇ. 1 ಎಂದಿದ್ದು, 6,000 ರೂ. ಕೊಠಡಿಯನ್ನು ಆರಿಸಿಕೊಂಡರೆ ವಿಮಾ ಕಂಪನಿ ಬಾಡಿಗೆಯ ಅರ್ಧವನ್ನಷ್ಟೇ ಭರಿಸುತ್ತದೆ. ವೈದ್ಯರ ಶುಲ್ಕದಂಥ ಬಾಬುಗಳನ್ನೂ ಅದೇ ಪ್ರಮಾಣದಲ್ಲಿ ಕಡಿತಗೊಳಿಸಬಹುದು. ಔಷಧ, ಸ್ಟೆಂಟ್, ತಪಾಸಣೆಗಳಿಗೆ ಈ ಕಡಿತ ಅನ್ವಯಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲಿ ಸೂಚಿಸಿತು. ಪಾಲಿಸಿಯ ಈ ಸಾಲನ್ನು ದಾಖಲಾಗುವ ಮುನ್ನವೇ ಓದುವವರು ವಿರಳ!

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಪ್ರಕಾರ ಆಸ್ಪತ್ರೆಯ ದರಪಟ್ಟಿ ರೋಗಿಗಳಿಗೆ ಲಭ್ಯವಿರಬೇಕು. ಕೇಳಲು ಸಂಕೋಚ ಬೇಕಿಲ್ಲ. 2017ರ ತಿದ್ದುಪಡಿಯ ನಂತರ ಬಾಕಿ ಹಣಕ್ಕಾಗಿ ಮೃತದೇಹವನ್ನು ತಡೆಹಿಡಿಯುವಂತಿಲ್ಲ. ದೂರುಗಳಿಗೆ ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರವಿದೆ.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂ.ವರೆಗೆ ಚಿಕಿತ್ಸೆಯುಂಟು. ಇತರರಿಗೆ ಪ್ಯಾಕೇಜ್ ದರದ ಶೇ. 30ರಷ್ಟು ನೆರವು, ಮಿತಿ ಒಂದೂವರೆ ಲಕ್ಷ. ಯೋಜನೆಯ ಪ್ಯಾಕೇಜ್ ದರಗಳು ಪ್ರಕಟಿತವಾಗಿವೆ. ನೆರವು ಬೇಡದವರೂ ಆಸ್ಪತ್ರೆ ಹೇಳಿದ ಮೊತ್ತವನ್ನು ಅವುಗಳೊಡನೆ ಹೋಲಿಸಿ ನೋಡಬಹುದು.