ಬಂತು ಬಂತು... ಹೋಯ್ತು! ಮಾಳಿಗೆ ಮೇಲಿನ ಆಂಟೆನಾದ ಕಥೆ

ನೋಡ್ತಿರೋ ವಿಡಿಯೋ ನಿಂತು, ಮಧ್ಯದಲ್ಲಿ ಚಕ್ರ ತಿರುಗೋಕೆ ಶುರುವಾದ್ರೆ ನೀವೇನು ಮಾಡ್ತೀರಿ? ವೈಫೈ ಆಫ್ ಮಾಡಿ ಆನ್ ಮಾಡ್ತೀರಿ, ಫೋನ್ ಹಿಡ್ಕೊಂಡು ಕಿಟಕಿ ಹತ್ರ ಹೋಗ್ತೀರಿ, ಕೊನೆಗೆ ಕಂಪನಿಗೆ ಬೈತೀರಿ. ತೊಂದರೆ ನಿಮ್ಮ ಫೋನಲ್ಲಿದೆಯೋ, ಟವರಲ್ಲಿದೆಯೋ, ಯಾವುದೋ ಊರಿನ ಸರ್ವರಲ್ಲಿದೆಯೋ ಅನ್ನೋದು ಮಾತ್ರ ಗೊತ್ತಾಗಲ್ಲ. ಆ ಚಕ್ರ ಏನೂ ಹೇಳಲ್ಲ.

ನಲವತ್ತು ವರ್ಷದ ಹಿಂದಿನ ಟಿವಿ ಹಾಗಿರಲಿಲ್ಲ. ಚಿತ್ರ ಯಾಕೆ ಕೆಟ್ಟಿದೆ ಅನ್ನೋದನ್ನ ಕೆಟ್ಟ ಚಿತ್ರವೇ ಹೇಳ್ತಿತ್ತು, ಅದನ್ನ ಓದೋದಕ್ಕೆ ಹೈಸ್ಕೂಲ್ ಹುಡುಗರಿಗೂ ಬರ್ತಿತ್ತು. ಇವತ್ತಿನ ಎಪಿಸೋಡ್ ಆ ವಿದ್ಯೆ ಬಗ್ಗೆ.

ಮೊದಲು ಒಂದು ಪ್ರಶ್ನೆ. ಕರ್ನಾಟಕದಲ್ಲಿ ಟಿವಿ ಮೊದಲು ಬಂದಿದ್ದು ಎಲ್ಲಿಗೆ? ಬೆಂಗಳೂರು ಅಂದ್ರೆ ತಪ್ಪು. 1975ರ ಆಗಸ್ಟ್ 1ರಂದು ‘ಸೈಟ್’ ಅನ್ನೋ ಪ್ರಯೋಗ ಶುರುವಾಯ್ತು. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನ ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಬಿಟ್ಟುಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ನಮ್ಮಲ್ಲಿ ಆಯ್ಕೆಯಾಗಿದ್ದು ಆಗಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಕೋಳಿ ಗೂಡಿಗೆ ಹಾಕೋ ಥರದ ತಂತಿ ಜಾಲರಿಯಲ್ಲಿ ಮಾಡಿದ ಹತ್ತು ಅಡಿ ಅಗಲದ ಆಂಟೆನಾ, ಅದರ ಕೆಳಗೆ ಊರಿಗೆಲ್ಲ ಒಂದೇ ಟಿವಿ, ಅದರಲ್ಲಿ ಕನ್ನಡದ ಕಾರ್ಯಕ್ರಮ. ಆಗ ಬೆಂಗಳೂರಿಗೆ ತನ್ನದೇ ದೂರದರ್ಶನ ಕೇಂದ್ರ ಇನ್ನೂ ಇರಲಿಲ್ಲ, ಅದು ಶುರುವಾಗಿದ್ದು 1981ರಲ್ಲಿ. ವರ್ಷ ಮುಗಿದ ಮೇಲೆ ಉಪಗ್ರಹ ವಾಪಸ್ ಅಮೆರಿಕದ ಕಡೆಗೆ ಹೋಯ್ತು. ಕಲ್ಯಾಣ ಕರ್ನಾಟಕಕ್ಕೆ ಎಲ್ಲವೂ ತಡವಾಗಿ ಬರುತ್ತೆ ಅನ್ನೋರಿಗೆ ಇದನ್ನ ಒಮ್ಮೆ ಹೇಳಿ. ಬಂದಿದ್ದು ಎದ್ದು ಹೋಯ್ತು ಅನ್ನೋದನ್ನೂ ಸೇರಿಸಿ ಹೇಳಿ.

ಆಮೇಲೆ ಬಂದಿದ್ದು ನೆಲದ ಟವರ್‌ಗಳ ಕಾಲ. 1982ರಲ್ಲಿ ಬಣ್ಣ ಬಂತು, ಏಷ್ಯಾಡ್ ಬಂತು. 1984ರಲ್ಲಿ ದೇಶದಲ್ಲಿ ಕೆಲವು ತಿಂಗಳು ಹೆಚ್ಚುಕಡಿಮೆ ದಿನಕ್ಕೊಂದು ಟ್ರಾನ್ಸ್‌ಮಿಟರ್ ಎದ್ದು ನಿಲ್ತಿತ್ತು. ಇವುಗಳಲ್ಲಿ ಬಹಳಷ್ಟು ಬರೀ 100 ವ್ಯಾಟಿನವು. ಒಂದು ಹಳೇ ಬಲ್ಬಿನಷ್ಟು ಪವರ್! ಟವರಿನಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನವರಿಗೆ ಚಿತ್ರ ಸಿಗ್ತಿತ್ತು, ಅದರಾಚೆ ನಿಮ್ಮ ಹಣೆಬರಹ, ನಿಮ್ಮ ಗಳದ ಉದ್ದ.

ಗಳ ಅಂದ್ರೆ ಬಿದಿರಿನ ಗಳ. ಅದರ ತುದಿಗೆ ಮೀನಿನ ಮುಳ್ಳಿನ ಥರ ಕಾಣೋ ಅಲ್ಯೂಮಿನಿಯಂ ಕಡ್ಡಿಗಳು. ಅದರ ಹೆಸರು ಯಾಗಿ-ಉಡ ಆಂಟೆನಾ. 1926ರಲ್ಲಿ ಜಪಾನಿನ ಸೆಂಡೈನಲ್ಲಿ ಶಿಂತಾರೋ ಉಡ ಮತ್ತು ಹಿದೆತ್ಸುಗು ಯಾಗಿ ಅನ್ನೋ ಇಬ್ಬರು ಕಂಡುಹಿಡಿದಿದ್ದು. ಕೆಲಸ ಹೆಚ್ಚು ಮಾಡಿದ್ದು ಉಡ, ಹೆಸರು ಹೆಚ್ಚು ಬಂದಿದ್ದು ಅವರ ಹಿರಿಯ ಯಾಗಿಗೆ. (ಆಫೀಸಲ್ಲಿ ಕೆಲಸ ಮಾಡೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.) 1942ರಲ್ಲಿ ಜಪಾನಿ ಸೈನ್ಯ ಸಿಂಗಪುರ ಹಿಡಿದಾಗ ಬ್ರಿಟಿಷರ ರೇಡಾರ್ ಟಿಪ್ಪಣಿಯಲ್ಲಿ ‘ಯಾಗಿ’ ಅನ್ನೋ ಪದ ಮತ್ತೆ ಮತ್ತೆ ಸಿಕ್ತಂತೆ. ಏನಿದು ಅಂತ ಕೈದಿಯನ್ನ ಕೇಳಿದ್ರೆ, ‘ನಿಮ್ಮದೇ ಪ್ರೊಫೆಸರ್ ಹೆಸರು’ ಅಂತ ಉತ್ತರ ಬಂತು ಅನ್ನೋದು ಪ್ರಸಿದ್ಧ ಕಥೆ.

ಈ ಆಂಟೆನಾದಲ್ಲಿ ನಿಜವಾಗಿ ಸಿಗ್ನಲ್ ಹಿಡಿದು ವೈರಿಗೆ ಕೊಡೋದು ಒಂದೇ ಕಡ್ಡಿ, ಮಡಚಿದ ಉದ್ದ ಉಂಗುರದ ಥರ ಇರೋದು. ಅದರ ಹಿಂದೆ ಸ್ವಲ್ಪ ಉದ್ದದ ಕಡ್ಡಿ, ಮುಂದೆ ಗಿಡ್ಡ ಕಡ್ಡಿಗಳು. ಇವು ಒಂದು ದಿಕ್ಕಿನ ಅಲೆಯನ್ನ ಒಟ್ಟುಮಾಡಿ ಆ ಕಡ್ಡಿಗೆ ತಳ್ಳುತ್ತವೆ, ಉಳಿದ ದಿಕ್ಕಿಗೆ ಕಿವುಡಾಗಿರುತ್ತವೆ. ಹಾಗಾಗಿ ಗಿಡ್ಡ ಕಡ್ಡಿಗಳ ಮೂತಿ ಟವರ್ ಕಡೆಗೇ ಇರಬೇಕು. ಬೆಂಗಳೂರಲ್ಲಾದ್ರೆ ಜೆ.ಸಿ. ನಗರದ ಕಡೆಗೆ. ಆ ಕಾಲದಲ್ಲಿ ಊರಿನ ಮಾಳಿಗೆ ಹತ್ತಿ ನೋಡಿದ್ರೆ ಎಲ್ಲ ಆಂಟೆನಾಗಳೂ ಒಂದೇ ದಿಕ್ಕಿಗೆ ತಿರುಗಿರ್ತಿದ್ವು. ಟಿವಿ ಎಲ್ಲಿಂದ ಬರುತ್ತೆ ಅಂತ ಬೆರಳು ತೋರಿಸಿ ಹೇಳಬಹುದಿತ್ತು. ನಿಮ್ಮ ಯೂಟ್ಯೂಬ್ ಯಾವ ದಿಕ್ಕಿಂದ ಬರುತ್ತೆ, ಹೇಳಿ ನೋಡೋಣ.

ಈಗ ರೋಗಲಕ್ಷಣಗಳಿಗೆ ಬರೋಣ. ಪರದೆ ತುಂಬಾ ಚುಕ್ಕೆ ಚುಕ್ಕೆ, ಸರ್ ಅನ್ನೋ ಸದ್ದು: ಸಿಗ್ನಲ್ ಬಡವಾಗಿದೆ. ಮೊದಲ ಪರೀಕ್ಷೆ ಮಾಳಿಗೆಯಲ್ಲಿ ಅಲ್ಲ, ಪಕ್ಕದ ಮನೆಯಲ್ಲಿ. ‘ನಿಮ್ಮಲ್ಲಿ ಬರ್ತಿದ್ಯಾ ರೀ?’ ಅವರಲ್ಲೂ ಚುಕ್ಕೆ ಇದ್ರೆ ಟವರ್ ಕಡೆಯ ತೊಂದರೆ. ಅವರಲ್ಲಿ ಸರಿ ಇದ್ರೆ ಆಂಟೆನಾ ಗಾಳಿಗೆ ತಿರುಗಿದೆ, ಇಲ್ಲಾ ಕೋತಿ ಹತ್ತಿದೆ, ಇಲ್ಲಾ ವೈರು. ಆ ಚಪ್ಪಟೆ ವೈರು ಬಹಳ ನಾಜೂಕು. ಮಳೆಯಲ್ಲಿ ನೆನೆದ್ರೆ, ತಗಡಿನ ಶೀಟಿಗೆ ತಾಗಿಕೊಂಡು ಹೋದ್ರೆ ಸಿಗ್ನಲ್ ದಾರಿಯಲ್ಲೇ ಸೋರಿಹೋಗ್ತಿತ್ತು. ಕರಾವಳಿಯಲ್ಲಿ ಉಪ್ಪುಗಾಳಿಗೆ ಜಾಯಿಂಟು ಹಸಿರು ಕಟ್ಟಿರ್ತಿತ್ತು, ಕೆರೆದು ಮತ್ತೆ ಕಟ್ಟಬೇಕು. ಕೆಲವರು ಸೀದಾ ಅಂಗಡಿಗೆ ಹೋಗಿ ಬೂಸ್ಟರ್ ತಂದು ಟಿವಿ ಪಕ್ಕ ಇಡ್ತಿದ್ರು. ದಂಡ. ಅಷ್ಟು ಹೊತ್ತಿಗೆ ಸಿಗ್ನಲ್ ಜೊತೆ ಗದ್ದಲವೂ ಸೇರಿರುತ್ತೆ, ಎರಡೂ ದೊಡ್ಡದಾಗ್ತವೆ. ಅದು ಇರಬೇಕಾದ್ದು ಗಳದ ತುದಿಯಲ್ಲಿ, ಆಂಟೆನಾ ಬುಡದಲ್ಲಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ರೋಗ ಅಂದ್ರೆ ನೆರಳು. ವಾರ್ತೆ ಓದೋರ ಪಕ್ಕ ಬಲಕ್ಕೆ ಅವರದೇ ಮಸುಕು ರೂಪ. ಟವರಿಂದ ನೇರ ಬಂದ ಅಲೆ ಒಂದು, ಗುಡ್ಡಕ್ಕೋ ನೀರಿನ ಟ್ಯಾಂಕಿಗೋ ಬಡಿದು ಸುತ್ತಿ ತಡವಾಗಿ ಬಂದಿದ್ದು ಇನ್ನೊಂದು. ಇಲ್ಲಿ ಲೆಕ್ಕ ಚೆನ್ನಾಗಿದೆ. 20 ಇಂಚಿನ ಟಿವಿ ಪರದೆ ಸುಮಾರು 40 ಸೆಂಟಿಮೀಟರ್ ಅಗಲ. ಅದರ ಮೇಲೆ ಎಡದಿಂದ ಬಲಕ್ಕೆ ಒಂದು ಗೆರೆ ಎಳೆಯೋಕೆ ಹಿಡಿಯೋದು ಸೆಕೆಂಡಿನ ಹತ್ತು ಲಕ್ಷದಲ್ಲಿ 52 ಭಾಗ. ಅಷ್ಟರಲ್ಲಿ ರೇಡಿಯೋ ಅಲೆ ಸುಮಾರು ಹದಿನೈದೂವರೆ ಕಿಲೋಮೀಟರ್ ಓಡಿರುತ್ತೆ. ಅಂದ್ರೆ ನೆರಳು ಒಂದು ಸೆಂಟಿಮೀಟರ್ ಬಲಕ್ಕಿದ್ರೆ ಆ ಅಲೆ ಹತ್ತಿರಹತ್ತಿರ 400 ಮೀಟರ್ ಹೆಚ್ಚು ನಡೆದು ಬಂದಿದೆ. ಸ್ಕೇಲ್ ಇಟ್ಟು ಗುಡ್ಡ ಹುಡುಕಬಹುದು! ಇದಕ್ಕೆ ಮದ್ದು, ಸಿಗ್ನಲ್ ಜಾಸ್ತಿ ಇರೋ ಕಡೆಗೆ ತಿರುಗಿಸೋದಲ್ಲ. ಆ ಗುಡ್ಡಕ್ಕೆ ಆಂಟೆನಾ ಕಿವುಡಾಗೋ ಕೋನ ಹುಡುಕೋದು. ಚಿತ್ರ ಒಂಚೂರು ಮಂಕಾದ್ರೂ ನೆರಳು ಹೋಗುತ್ತೆ.

ಅದಕ್ಕೇ ಮೂರು ಜನ ಬೇಕಿತ್ತು. ಮಾಳಿಗೆ ಮೇಲೆ ಒಬ್ಬ, ಟಿವಿ ಮುಂದೆ ಒಬ್ಬರು, ಇಬ್ಬರ ಮಧ್ಯೆ ಅಂಗಳದಲ್ಲಿ ಕೂಗಿ ದಾಟಿಸೋಕೆ ಒಬ್ಬರು. ‘ಸ್ವಲ್ಪ ಎಡಕ್ಕೆ. ಬಂತು ಬಂತು... ಹೋಯ್ತು! ಅಯ್ಯೋ, ಮುಂಚಿನಂಗೇ ಇಡೋ!’ ಕೈಬಿಟ್ಟ ತಕ್ಷಣ ಚಿತ್ರ ಹೋಗೋದು ಭ್ರಮೆಯಲ್ಲ, ಮನುಷ್ಯನ ಮೈಯೂ ಅಲೆಯ ದಾರಿಯನ್ನ ಬದಲಿಸುತ್ತೆ. ಭಾನುವಾರ ಬೆಳಿಗ್ಗೆ ರಾಮಾಯಣದ ಹೊತ್ತಿಗೆ ಮೇಲೆ ಸಿಕ್ಕಿಹಾಕಿಕೊಂಡವನ ಪಾಡು ನೆನೆಸಿಕೊಳ್ಳಿ. ಒಂದೇ ಒಂದು ಸಮಾಧಾನ: ಅಡಚಣೆಗೆ ವಿಷಾದ ಅನ್ನೋ ಫಲಕ ಪರದೆ ಮೇಲೆ ಸ್ಪಷ್ಟವಾಗಿ ಬಂದ್ರೆ ನಿಮ್ಮ ಆಂಟೆನಾ ಸರಿಯಾಗಿದೆ ಅಂತ ಅರ್ಥ. ಕೆಳಗಿಳಿದು ಕಾಫಿ ಕುಡಿಯಬಹುದು.

ಮಲೆನಾಡಿನ ಕೆಲವು ಕಣಿವೆಗಳಲ್ಲಿ ಈ ಯಾವ ವಿದ್ಯೆಯೂ ನಡೀತಿರಲಿಲ್ಲ. ಟವರಿಗೂ ಮನೆಗೂ ಮಧ್ಯೆ ಗುಡ್ಡ ನಿಂತ್ರೆ ಅಡಿಕೆ ಮರದ ತುದಿಗೆ ಕಟ್ಟಿದ್ರೂ ಚುಕ್ಕೆಯೇ. ದೇಶವೆಲ್ಲ ನೋಡಿದ್ದನ್ನ ಅವರು ಮಾರನೇ ದಿನ ಬೇರೆಯವರ ಬಾಯಲ್ಲಿ ಕೇಳಬೇಕಿತ್ತು.

ಬಿ.ಕಾಂನಲ್ಲಿ ‘ಸಾರ್ವಜನಿಕ ಸರಕು’ ಅಂತ ಒಂದು ಪಾಠ ಇತ್ತು: ಒಬ್ಬರು ಬಳಸಿದ್ರೆ ಇನ್ನೊಬ್ಬರಿಗೆ ಕಮ್ಮಿಯಾಗದ, ಯಾರನ್ನೂ ಹೊರಗಿಡೋಕಾಗದ ವಸ್ತು. ಟಿವಿ ಅಲೆ ಅದಕ್ಕೆ ಹೇಳಿಮಾಡಿಸಿದ ಉದಾಹರಣೆ. ಹತ್ತು ಮನೆ ನೋಡಿದ್ರೂ ಹತ್ತು ಲಕ್ಷ ಮನೆ ನೋಡಿದ್ರೂ ಟವರಿನ ಕರೆಂಟ್ ಬಿಲ್ ಒಂದೇ. ರೀಚಾರ್ಜ್ ಇಲ್ಲ, ಲಾಗಿನ್ ಇಲ್ಲ. ಇವತ್ತು ನಾವು ನೋಡೋ ಪ್ರತಿ ವಿಡಿಯೋಗೂ ಡೇಟಾ ಖರ್ಚಾಗುತ್ತೆ, ನೋಡಿದ್ದೆಲ್ಲ ಎಲ್ಲೋ ದಾಖಲಾಗುತ್ತೆ. ಈ ವ್ಯತ್ಯಾಸ ಸಣ್ಣದು ಅಂತ ನನಗನ್ನಿಸಲ್ಲ.

ಪ್ರಸಾರ ಭಾರತಿ ತನ್ನ ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನ ಹಂತಹಂತವಾಗಿ ನಿಲ್ಲಿಸ್ತಾ ಬಂತು. ಗಡಿಯಂಥ ಆಯಕಟ್ಟಿನ ಜಾಗಗಳ ಸುಮಾರು 50 ಬಿಟ್ಟು ಉಳಿದವಕ್ಕೆಲ್ಲ 2022ರ ಮಾರ್ಚ್ 31 ಗಡುವು ಅಂತ ಹೇಳಿತ್ತು. ಅಷ್ಟು ಹೊತ್ತಿಗೆ ಜನ ಕೇಬಲ್‌ಗೆ, ಡಿಶ್‌ಗೆ ಹೋಗಿಯಾಗಿತ್ತು. ಕಾಸಿಲ್ಲದೆ ನೋಡೋರಿಗೆ ಡಿಡಿ ಫ್ರೀ ಡಿಶ್ ಇದೆ. 2016ರಲ್ಲಿ ಬೆಂಗಳೂರು ಸೇರಿ 16 ನಗರಗಳಲ್ಲಿ ದೂರದರ್ಶನ ಡಿಜಿಟಲ್ ಟವರ್ ಪ್ರಸಾರ ಶುರುಮಾಡಿತ್ತು, ಫೋನಿಗೆ ಡಾಂಗಲ್ ಸಿಕ್ಕಿಸಿಯೂ ನೋಡಬಹುದಿತ್ತು. ನಿಮ್ಮಲ್ಲಿ ಎಷ್ಟು ಜನ ಆ ಡಾಂಗಲ್ ಕಣ್ಣಲ್ಲಿ ಕಂಡಿದ್ದೀರಿ? ಡಿಜಿಟಲ್‌ನಲ್ಲಿ ಇನ್ನೊಂದು ವಿಷಯ ಇದೆ. ಚುಕ್ಕೆ, ನೆರಳು ಇಲ್ಲ. ಸಿಗ್ನಲ್ ಒಂದು ಮಟ್ಟಕ್ಕಿಂತ ಇಳಿದ್ರೆ ಚಿತ್ರ ಚೌಕಚೌಕವಾಗಿ ಒಡೆದು ಹೋಗೇಬಿಡುತ್ತೆ. ಯಾಕೆ ಅಂತ ಹೇಳಲ್ಲ.

ಈಗ ಮತ್ತೆ ಹೊಸ ಮಾತು ಶುರುವಾಗಿದೆ: ಡೈರೆಕ್ಟ್ ಟು ಮೊಬೈಲ್. ಇಂಟರ್ನೆಟ್ ಇಲ್ಲದೆ, ಟವರಿಂದ ಸೀದಾ ಫೋನಿಗೆ ಟಿವಿ. ಇದರ ಚಿಪ್ ಮಾಡಿದ ಸಾಂಖ್ಯ ಲ್ಯಾಬ್ಸ್ ಬೆಂಗಳೂರಿನದು, ಆರಂಭದ ಪ್ರಯೋಗಗಳು ನಡೆದ ಊರುಗಳಲ್ಲಿ ಬೆಂಗಳೂರೂ ಒಂದು. ಇದಕ್ಕೆ ಮೀಸಲಿಡೋ ಮಾತಿರೋದು 470ರಿಂದ 582 ಮೆಗಾಹರ್ಟ್ಸ್. ಆ ಅಲೆಗೆ ಸರಿಹೊಂದೋ ಕಡ್ಡಿ ಹೆಚ್ಚುಕಡಿಮೆ ಒಂದು ಅಡಿ ಉದ್ದ ಇರಬೇಕು. ನಮ್ಮ ಫೋನು ಅದರಲ್ಲಿ ಅರ್ಧ. ಹಿಂದೆ ಫೋನಲ್ಲಿ ಎಫ್‌ಎಂ ಕೇಳೋಕೆ ಇಯರ್‌ಫೋನ್ ವೈರೇ ಆಂಟೆನಾ ಆಗ್ತಿತ್ತು. ಈಗ ಆ ತೂತನ್ನೇ ಬಹಳ ಕಂಪನಿಗಳು ಮುಚ್ಚಿಬಿಟ್ಟಿವೆ.